ಹಾಡಿನ ಶಿಫಾರಸು ಮತ್ತು ಬೇಡವೆನ್ನುವ ಹಕ್ಕು

ಶಿಫಾರಸು ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಕಚೇರಿಯಲ್ಲಿ ಕಡತ ಮುಂದೆ ಹೋಗಬೇಕಾದರೂ ಮಕ್ಕಳಿಗೆ ಕಾಲೇಜಿನಲ್ಲಿ ಸೀಟು ಸಿಗಬೇಕಾದರೂ ಯಾರದಾದರೂ ಶಿಫಾರಸು ಬೇಕು ಎಂಬ ಅನುಭವದಿಂದಾಗಿ ಆ ಪದಕ್ಕೆ ವಶೀಲಿಯ ವಾಸನೆ ಅಂಟಿಕೊಂಡಿದೆ. ಹಾಗಾಗಿ ಯಾರಾದರೂ ಏನನ್ನಾದರೂ ಹೊಗಳಿ ಹೇಳಿದರೆ, ಇದರಲ್ಲಿ ಇವರಿಗೇನು ಲಾಭ ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಈ ಅನುಮಾನವನ್ನು ನಾವು ರಾಜಕಾರಣಿಗಳ ಮೇಲೆ ಪಡುತ್ತೇವೆ, ಜಾಹೀರಾತುಗಳ ಮೇಲೆ ಪಡುತ್ತೇವೆ. ಆದರೆ ರೇಡಿಯೋದಲ್ಲಿ ಒಂದು ಹೊಸ ಹಾಡು ಬಂದಾಗ ಪಡುವುದಿಲ್ಲ. ಚೆನ್ನಾಗಿರುವುದರಿಂದಲೇ ಅದು ಬಂತು ಎಂದುಕೊಳ್ಳುತ್ತೇವೆ. ದಿನಕ್ಕೆ ಆರು ಸಲ ಬಂದರೆ ಜನರೆಲ್ಲ ಅದನ್ನು ಬಯಸುತ್ತಿದ್ದಾರೆ ಎಂದು ನಂಬುತ್ತೇವೆ. ಆ ಹಾಡನ್ನು ಆರಿಸಿದವರು ಯಾರು, ಯಾವ ಕಾರಣಕ್ಕೆ ಆರಿಸಿದರು, ಅದಕ್ಕಾಗಿ ಬದಿಗೆ ಸರಿಸಿದ ಹಾಡುಗಳು ಯಾವುವು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಗಳನ್ನು ಕೇಳುತ್ತಾ ಹೋಗಲು ಅಮೆರಿಕದ ಶಿಕಾಗೋ ನಗರದ ಒಂದು ರೇಡಿಯೋ ಕಾರ್ಯಕ್ರಮ ಒಳ್ಳೆಯ ಉದಾಹರಣೆ. ಅದರ ಹೆಸರು ‘ಸೌಂಡ್ ಒಪಿನಿಯನ್ಸ್’. ನಡೆಸುವವರು ಜಿಮ್ ಡೆರೊಗಾಟಿಸ್ ಮತ್ತು ಗ್ರೆಗ್ ಕಾಟ್ ಎಂಬ ಇಬ್ಬರು ಸಂಗೀತ ವಿಮರ್ಶಕರು. ಡೆರೊಗಾಟಿಸ್ ‘ಶಿಕಾಗೋ ಸನ್-ಟೈಮ್ಸ್’ ಪತ್ರಿಕೆಯಲ್ಲಿದ್ದರು, ಕಾಟ್ 1990ರಿಂದ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಸಂಗೀತ ವಿಮರ್ಶಕರಾಗಿದ್ದರು. ಎರಡೂ ಒಂದೇ ಊರಿನ ಎದುರಾಳಿ ಪತ್ರಿಕೆಗಳು. ಇದೇ ಎರಡು ಪತ್ರಿಕೆಗಳ ಸಿನಿಮಾ ವಿಮರ್ಶಕರಾದ ರೋಜರ್ ಈಬರ್ಟ್ ಮತ್ತು ಜೀನ್ ಸಿಸ್ಕೆಲ್ ಅದಕ್ಕೂ ಮೊದಲೇ ಟೆಲಿವಿಷನ್ನಿನಲ್ಲಿ ಎದುರುಬದುರು ಕೂತು ಹೊಸ ಚಿತ್ರಗಳ ಬಗ್ಗೆ ಜಗಳವಾಡಿ ದೇಶದಾದ್ಯಂತ ಹೆಸರಾಗಿದ್ದರು. ಅದೇ ಮಾದರಿಯನ್ನು ಈ ಇಬ್ಬರು ಸಂಗೀತಕ್ಕೆ ತಂದರು. ಕಾರ್ಯಕ್ರಮ ಮೊದಲು ಡಬ್ಲ್ಯೂಎಕ್ಸ್‌ಆರ್‌ಟಿ ಎಂಬ ವಾಣಿಜ್ಯ ಕೇಂದ್ರದಿಂದ ಬರುತ್ತಿತ್ತು. 2005ರ ಕೊನೆಯಲ್ಲಿ ಅದು ಡಬ್ಲ್ಯೂಬಿಇಝಡ್ ಎಂಬ ಸಾರ್ವಜನಿಕ ಕೇಂದ್ರಕ್ಕೆ ಬಂತು, ಅಲ್ಲಿಂದ ಬೇರೆ ಹಲವು ನಗರಗಳ ಕೇಂದ್ರಗಳಿಗೂ ಹರಡಿತು. ಸಾರ್ವಜನಿಕ ಕೇಂದ್ರವೆಂದರೆ ಮುಖ್ಯವಾಗಿ ಕೇಳುಗರ ವಂತಿಗೆ ಮತ್ತು ಪ್ರಾಯೋಜಕರ ನೆರವಿನಿಂದ ನಡೆಯುವಂಥದ್ದು.

ಅವರು ಅಲ್ಲಿ ಮಾಡುವುದು ಸರಳವಾದ ಕೆಲಸ. ಹೊಸದಾಗಿ ಬಂದ ಆಲ್ಬಂ ಒಂದನ್ನು ಇಬ್ಬರೂ ಕೇಳಿರುತ್ತಾರೆ. ಅದರ ತುಣುಕುಗಳನ್ನು ಕೇಳಿಸುತ್ತಾರೆ. ಬಳಿಕ ಒಬ್ಬರು ಇದು ಯಾಕೆ ಒಳ್ಳೆಯದು ಎನ್ನುತ್ತಾರೆ, ಇನ್ನೊಬ್ಬರು ಹಲವು ಸಲ ಅದಕ್ಕೆ ತದ್ವಿರುದ್ಧವಾಗಿ ಮಾತಾಡುತ್ತಾರೆ. ಕೊನೆಗೆ ತೀರ್ಪು: ಕೊಂಡುಕೊಳ್ಳಿ, ನಕಲು ಮಾಡಿಕೊಳ್ಳಿ, ಇಲ್ಲವೇ ಕಸದ ಬುಟ್ಟಿಗೆ ಹಾಕಿ. ಸಿಡಿಗಳ ಕಾಲ ಮುಗಿದ ಮೇಲೆ ನಡುವಿನ ತೀರ್ಪು ‘ಕೇಳಿ ನೋಡಿ’ ಎಂದು ಬದಲಾಯಿತು. ದೊಡ್ಡ ಕಂಪೆನಿಗಳ ತಾರೆಯರೂ ಈ ಪರೀಕ್ಷೆಗೆ ಒಳಗಾಗುತ್ತಾರೆ. ಆದರೆ ಕಾರ್ಯಕ್ರಮಕ್ಕೆ ನಿಷ್ಠಾವಂತ ಕೇಳುಗರನ್ನು ತಂದುಕೊಟ್ಟದ್ದು ಮುಖ್ಯವಾಗಿ ಇಂಡಿ ರಾಕ್.

ಇಂಡಿ ಎಂದರೆ ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ. ಅದು ಮೂಲದಲ್ಲಿ ಒಂದು ರಾಗದ ಅಥವಾ ಶೈಲಿಯ ಹೆಸರಲ್ಲ, ಉತ್ಪಾದನಾ ಸಂಬಂಧದ ಹೆಸರು. ಲೋಕದ ಸಂಗೀತ ಮಾರುಕಟ್ಟೆಯ ಬಹುಪಾಲನ್ನು ಹಿಡಿದಿರುವ ಬೆರಳೆಣಿಕೆಯ ಕಂಪೆನಿಗಳ ಹೊರಗೆ, ಸಣ್ಣ ಬಂಡವಾಳದಿಂದ ತಮ್ಮ ಹಾಡುಗಳನ್ನು ತಾವೇ ತರುವವರು ಇಂಡಿಗಳು. ಶಿಕಾಗೋ ಇಂಥವರ ತವರು. ಡ್ರ್ಯಾಗ್ ಸಿಟಿ, ಥ್ರಿಲ್ ಜಾಕಿ, ಬ್ಲಡ್‌ಶಾಟ್ ಮುಂತಾದ ಸಣ್ಣ ಕಂಪೆನಿಗಳು ಅಲ್ಲಿಂದಲೇ ಕೆಲಸ ಮಾಡಿದವು. ಟಚ್ ಅಂಡ್ ಗೋ ಎಂಬ ಕಂಪೆನಿಯಂತೂ ಕರಾರು ಪತ್ರವೇ ಇಲ್ಲದೆ, ಕೈಕುಲುಕಿದ ನಂಬಿಕೆಯ ಮೇಲೆ, ಖರ್ಚು ಕಳೆದ ಲಾಭವನ್ನು ಹಾಡುಗಾರರೊಂದಿಗೆ ಅರ್ಧರ್ಧ ಹಂಚಿಕೊಳ್ಳುತ್ತಿತ್ತು. ಅದೇ ಊರಿನ ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ, 1993ರಲ್ಲಿ ‘ದಿ ಬ್ಯಾಫ್ಲರ್’ ಪತ್ರಿಕೆಗೆ ಒಂದು ಲೇಖನ ಬರೆದರು. ದೊಡ್ಡ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡ ತಂಡವೊಂದರ ಜಮಾಖರ್ಚನ್ನು ಸಾಲುಸಾಲಾಗಿ ಲೆಕ್ಕ ಹಾಕಿ, ಎಲ್ಲರೂ ದುಡ್ಡು ಮಾಡಿಕೊಂಡ ಮೇಲೆ ಹಾಡಿದವರು ಮಾತ್ರ ಸಾಲಗಾರರಾಗಿ ಉಳಿಯುವುದು ಹೇಗೆ ಎಂದು ಅದರಲ್ಲಿ ತೋರಿಸಿದರು. 2024ರಲ್ಲಿ ತೀರಿಕೊಂಡ ಆಲ್ಬಿನಿ, ತಾವು ಧ್ವನಿಮುದ್ರಿಸಿಕೊಟ್ಟ ಆಲ್ಬಂಗಳಿಗೆ ರಾಯಧನ ತೆಗೆದುಕೊಳ್ಳುತ್ತಿರಲಿಲ್ಲ, ಕೂಲಿ ಮಾತ್ರ ಪಡೆಯುತ್ತಿದ್ದರು.

ಇಂಥ ಸಣ್ಣ ಕಂಪೆನಿಯ ಹಾಡು ರೇಡಿಯೋಗೆ ಬರುವುದು ಹೇಗೆ? ವಾಣಿಜ್ಯ ಕೇಂದ್ರಗಳಲ್ಲಿ ಹಾಡುಗಳ ಪಟ್ಟಿಯನ್ನು ನಿರೂಪಕರು ಮಾಡುವುದಿಲ್ಲ. ಅದಕ್ಕೆಂದೇ ಇರುವ ಕಾರ್ಯಕ್ರಮ ನಿರ್ದೇಶಕರು ಮಾಡುತ್ತಾರೆ. ಅವರ ಬಾಗಿಲಲ್ಲಿ ಕಂಪೆನಿಗಳ ಕಡೆಯವರು ಕಾದಿರುತ್ತಾರೆ. ಹಾಡು ಹಾಕಿಸಲು ಗುಟ್ಟಾಗಿ ದುಡ್ಡು ಕೊಡುವುದಕ್ಕೆ ಅಮೆರಿಕದಲ್ಲಿ ‘ಪೇಯೋಲಾ’ ಎಂಬ ಹೆಸರೇ ಇದೆ. 1959-60ರಲ್ಲಿ ಈ ಬಗ್ಗೆ ಅಲ್ಲಿನ ಸಂಸತ್ತು ವಿಚಾರಣೆ ನಡೆಸಿತು. ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಮನೆಮನೆಗೆ ಮುಟ್ಟಿಸಿದ ನಿರೂಪಕ ಅಲನ್ ಫ್ರೀಡ್ ಕೆಲಸ ಕಳೆದುಕೊಂಡರು. 1960ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಕುತೂಹಲದ ಸಂಗತಿಯೆಂದರೆ, ಆ ಕಾನೂನು ದುಡ್ಡು ಪಡೆಯುವುದನ್ನೇ ನಿಷೇಧಿಸಲಿಲ್ಲ. ಪಡೆದಿದ್ದರೆ ಕೇಳುಗರಿಗೆ ಹೇಳಬೇಕು ಎಂದಿತು. ಅಂದರೆ ಅಪರಾಧವಿರುವುದು ವ್ಯಾಪಾರದಲ್ಲಿ ಅಲ್ಲ, ವ್ಯಾಪಾರವನ್ನು ಅಭಿರುಚಿ ಎಂದು ತೋರಿಸುವುದರಲ್ಲಿ ಎಂಬುದು ಅದರ ಒಳದನಿ.

ಕಾನೂನು ಬಂದ ಮಾತ್ರಕ್ಕೆ ಪದ್ಧತಿ ಹೋಗಲಿಲ್ಲ. 1996ರ ದೂರಸಂಪರ್ಕ ಕಾಯ್ದೆ ಒಬ್ಬ ಮಾಲೀಕರು ದೇಶದಲ್ಲಿ ಇಷ್ಟೇ ಕೇಂದ್ರಗಳನ್ನು ಹೊಂದಿರಬೇಕು ಎಂಬ ಮಿತಿಯನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಮಿತಿ 40 ಇತ್ತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪೆನಿಯ ಕೈಯಲ್ಲಿ ಸುಮಾರು 1,200 ಕೇಂದ್ರಗಳಾದವು. ಒಂದು ಕಡೆ ಮಾಡಿದ ಪಟ್ಟಿ ನೂರಾರು ಊರುಗಳಲ್ಲಿ ಮೊಳಗುವುದು ಸುಲಭವಾಯಿತು. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ತನಿಖೆ ನಡೆಸಿದಾಗ, ಹಾಡು ಹಾಕಿಸಲು ಉಡುಗೊರೆ, ಪ್ರವಾಸ, ನಗದು ಎಲ್ಲವೂ ಕೈಬದಲಾಗುತ್ತಿದ್ದುದು ಹೊರಬಿತ್ತು. ಸೋನಿ ಬಿಎಂಜಿ 1 ಕೋಟಿ ಡಾಲರ್ ಕಟ್ಟಿ ರಾಜಿಯಾಯಿತು. 2007ರಲ್ಲಿ ನಾಲ್ಕು ದೊಡ್ಡ ರೇಡಿಯೋ ಕಂಪೆನಿಗಳು ಒಟ್ಟಾಗಿ 1 ಕೋಟಿ 25 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ಇಂಡಿ ಹಾಡುಗಾರರಿಗೆ ಪ್ರಸಾರದ ವೇಳೆ ಬಿಟ್ಟುಕೊಡುವ ಭರವಸೆಯನ್ನೂ ಕೊಟ್ಟವು. ನ್ಯಾಯವಾಗಿ ಸಿಗಬೇಕಾದ ವೇಳೆ ಅವರಿಗೆ ದಂಡದ ಭಾಗವಾಗಿ ಸಿಕ್ಕಿತು.

ಈ ಹಿನ್ನೆಲೆಯಲ್ಲಿ ನೋಡಿದರೆ, ಇಬ್ಬರು ಪತ್ರಿಕಾ ವಿಮರ್ಶಕರು ವಾರಕ್ಕೊಮ್ಮೆ ಕೂತು ಹಾಡುಗಳ ಬಗ್ಗೆ ವಾದಿಸುವುದು ಸಣ್ಣ ಸಂಗತಿಯಲ್ಲ. ಅವರ ಶಿಫಾರಸಿಗೆ ಮೂರು ಗುಣಗಳಿವೆ. ಒಂದು, ಅದು ಕಾರಣ ಕೊಡುತ್ತದೆ. ಗಿಟಾರ್ ಹೀಗಿದೆ, ಸಾಹಿತ್ಯ ಹೀಗಿದೆ, ಹಿಂದಿನ ಆಲ್ಬಂಗಿಂತ ಇಲ್ಲಿ ಇಂತಿಂಥದು ಕುಗ್ಗಿದೆ ಎಂದು ಹೇಳುತ್ತದೆ. ಕಾರಣ ಹೇಳಿದಾಗ ಕೇಳುಗ ಅದನ್ನು ಪರೀಕ್ಷಿಸಬಹುದು. ಎರಡು, ಪಕ್ಕದಲ್ಲೇ ಅದನ್ನು ಒಪ್ಪದ ಇನ್ನೊಬ್ಬರಿದ್ದಾರೆ. ಇಬ್ಬರು ತಿಳಿದವರು ಒಂದೇ ಹಾಡನ್ನು ಕೇಳಿ ಎರಡು ತೀರ್ಮಾನಕ್ಕೆ ಬಂದಾಗ, ಮೂರನೆಯವನಾದ ಕೇಳುಗ ತಾನೂ ಯೋಚಿಸಲೇಬೇಕಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅವರಿಗೆ ಬೇಡ ಎನ್ನುವ ಸ್ವಾತಂತ್ರ್ಯವಿದೆ. ಬೇಡ ಎನ್ನಲಾಗದವರ ‘ಬೇಕು’ ಎಂಬ ಮಾತಿಗೆ ಬೆಲೆಯಿಲ್ಲ.

ಈ ಸ್ವಾತಂತ್ರ್ಯ ಪುಕ್ಕಟೆಯಾಗಿ ಬರುವುದಿಲ್ಲ. 1996ರಲ್ಲಿ ಡೆರೊಗಾಟಿಸ್ ಸ್ವಲ್ಪ ಕಾಲ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿದ್ದರು. ಹೂಟಿ ಅಂಡ್ ದ ಬ್ಲೋಫಿಶ್ ಎಂಬ ತಂಡದ ಹಿಂದಿನ ಆಲ್ಬಂ ಲಕ್ಷಗಟ್ಟಲೆ ಪ್ರತಿಗಳಾಗಿ ಮಾರಾಟವಾಗಿತ್ತು. ಅದರ ಹೊಸ ಆಲ್ಬಂ ಚೆನ್ನಾಗಿಲ್ಲ ಎಂದು ಅವರು ಬರೆದರು. ಪತ್ರಿಕೆಯ ಒಡೆಯ ಜಾನ್ ವೆನ್ನರ್ ಆ ವಿಮರ್ಶೆಯನ್ನು ತೆಗೆಸಿ ಬೇರೆಯವರಿಂದ ಮೆಚ್ಚುಗೆಯ ವಿಮರ್ಶೆ ಬರೆಸಿದರು. ವಿಷಯವನ್ನು ಇನ್ನೊಂದು ಪತ್ರಿಕೆಗೆ ಬಾಯಿಬಿಟ್ಟ ಡೆರೊಗಾಟಿಸ್ ಕೆಲಸ ಕಳೆದುಕೊಂಡರು, ಮರಳಿ ಶಿಕಾಗೋಗೆ ಬಂದರು. ಬಂಡಾಯದ ಸಂಗೀತದ ಪತ್ರಿಕೆ ಎಂದು ಹೆಸರಾದ ಪತ್ರಿಕೆಗೂ ಹೆಚ್ಚು ಮಾರಾಟವಾದುದನ್ನು ಬೇಡ ಎನ್ನುವ ಧೈರ್ಯ ಉಳಿದಿರಲಿಲ್ಲ.

ಇಲ್ಲಿ ‘ಸ್ಥಳೀಯ’ ಎಂಬ ಮಾತಿಗೂ ಅರ್ಥವಿದೆ. ಊರಿನ ವಿಮರ್ಶಕ ಹಾಡುಗಾರರನ್ನು ಸಣ್ಣ ಹೋಟೆಲು, ಬಾರುಗಳಲ್ಲಿ ಹಾಡುವ ಕಾಲದಿಂದ ಬಲ್ಲ. 2001ರಲ್ಲಿ ಶಿಕಾಗೋದ ವಿಲ್ಕೋ ತಂಡ ತನ್ನ ‘ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್’ ಆಲ್ಬಂ ಮುಗಿಸಿ ಕೊಟ್ಟಾಗ, ವಾರ್ನರ್ ಸಮೂಹದ ರಿಪ್ರೈಸ್ ಕಂಪೆನಿ ಅದನ್ನು ಹೊರತರಲು ಒಪ್ಪಲಿಲ್ಲ. ತಂಡ ಆಲ್ಬಂನ ಹಕ್ಕನ್ನು ಪಡೆದುಕೊಂಡು, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳಲೆಂದು ಬಿಟ್ಟಿತು. 2002ರಲ್ಲಿ ಅದನ್ನು ಕೊಂಡು ಹೊರತಂದ ನಾನ್‌ಸಚ್ ಕೂಡ ವಾರ್ನರ್ ಸಮೂಹಕ್ಕೇ ಸೇರಿದ ಕಂಪೆನಿ. ಒಂದೇ ಸಮೂಹ ಒಂದೇ ಆಲ್ಬಂಗೆ ಎರಡು ಸಲ ದುಡ್ಡು ತೆತ್ತಂತಾಯಿತು. ಈ ಕತೆಯನ್ನು 2004ರಲ್ಲಿ ಪುಸ್ತಕವಾಗಿ ಬರೆದವರು ಗ್ರೆಗ್ ಕಾಟ್. ಊರಿನ ವಿಮರ್ಶಕ ಎಂಬ ಕಾರಣಕ್ಕೆ ಆ ತಂಡದ ಏಳುಬೀಳುಗಳನ್ನು ಅವರು ಹತ್ತಿರದಿಂದ ನೋಡಬಲ್ಲವರಾಗಿದ್ದರು.

ಆದರೆ ಹತ್ತಿರವಿರುವುದಕ್ಕೆ ಇನ್ನೊಂದು ಮುಖವೂ ಇದೆ. 1993ರ ಹೊತ್ತಿಗೆ ಶಿಕಾಗೋದ ಮೂರು ಹೆಸರುಗಳು ಇಡೀ ದೇಶದಲ್ಲಿ ಕೇಳಿಬರತೊಡಗಿದವು: ಸ್ಮ್ಯಾಶಿಂಗ್ ಪಂಪ್‌ಕಿನ್ಸ್, ಅರ್ಜ್ ಓವರ್‌ಕಿಲ್ ಮತ್ತು ಗಾಯಕಿ ಲಿಜ್ ಫೇರ್. ‘ಶಿಕಾಗೋ ರೀಡರ್’ ವಾರಪತ್ರಿಕೆಯ ವಿಮರ್ಶಕ ಬಿಲ್ ವೈಮನ್ ಇದನ್ನು ಊರಿನ ಹೆಮ್ಮೆಯೆಂದು ಬರೆದರು. ಅದಕ್ಕೆ ಆಲ್ಬಿನಿ ಬರೆದ ಸಿಟ್ಟಿನ ಪತ್ರ ಇಂಡಿ ಲೋಕದಲ್ಲಿ ಇಂದಿಗೂ ನೆನಪಿನಲ್ಲಿದೆ. ವಿಮರ್ಶಕ ಕಂಪೆನಿಗಳ ಪ್ರಚಾರಕನಾಗಿದ್ದಾನೆ ಎಂಬುದು ಅದರ ಆರೋಪ. ಆರೋಪದಲ್ಲಿ ತಿರುಳಿತ್ತು, ಆದರೆ ಭಾಷೆ ಮಾತ್ರ ಹೆಣ್ಣನ್ನು ಹೀಗಳೆಯುವ ಬೈಗುಳದ್ದಾಗಿತ್ತು. ಅದೇ ವರ್ಷ ಲಿಜ್ ಫೇರ್ ತನ್ನ ಮೊದಲ ಆಲ್ಬಂಗೆ ‘ಎಕ್ಸೈಲ್ ಇನ್ ಗೈವಿಲ್’ ಎಂದು ಹೆಸರಿಟ್ಟಿದ್ದರು. ಗೈವಿಲ್ ಎಂದರೆ ಗಂಡಸರ ಊರು. ಯಾವ ಹಾಡು ಮೇಲು, ಯಾವ ತಂಡ ನಿಜವಾದದ್ದು ಎಂದು ಸದಾ ತೀರ್ಪು ಕೊಡುತ್ತಿದ್ದ ಶಿಕಾಗೋದ ಇಂಡಿ ಗಂಡಸರ ನಡುವೆ ಹೆಣ್ಣೊಬ್ಬಳು ಪರದೇಶಿಯಾಗಿ ಬದುಕುವುದು ಆ ಹೆಸರಿನಲ್ಲೇ ಇದೆ. ದೊಡ್ಡ ಬಂಡವಾಳವನ್ನು ಪ್ರಶ್ನಿಸುವವರು ತಮ್ಮ ಗಂಡುಯಜಮಾನಿಕೆಯನ್ನೂ ಪ್ರಶ್ನಿಸಿಕೊಳ್ಳುತ್ತಾರೆ ಎಂಬ ಖಾತರಿಯಿಲ್ಲ ಎಂಬುದನ್ನು ಫೇರ್ ವಿಮರ್ಶಕರಿಗಿಂತ ಮೊದಲೇ ಹೇಳಿದ್ದರು.

ಬೇಡ ಎನ್ನುವುದು ವಿಮರ್ಶೆಯ ಹಕ್ಕು ಎಂದೆವು. ಎಲ್ಲ ‘ಬೇಡ’ಗಳೂ ವಿಮರ್ಶೆಯಲ್ಲ ಎಂಬುದಕ್ಕೂ ಶಿಕಾಗೋದ ರೇಡಿಯೋದಲ್ಲೇ ಸಾಕ್ಷಿಯಿದೆ. ಸ್ಟೀವ್ ಡಾಲ್ ಎಂಬ ರಾಕ್ ನಿರೂಪಕ ಕೆಲಸ ಮಾಡುತ್ತಿದ್ದ ಕೇಂದ್ರ ಡಿಸ್ಕೋ ಸಂಗೀತಕ್ಕೆ ಬದಲಾದಾಗ ಆತನಿಗೆ ಕೆಲಸ ಹೋಯಿತು. ಇನ್ನೊಂದು ಕೇಂದ್ರ ಸೇರಿದ ಆತ ಡಿಸ್ಕೋ ವಿರುದ್ಧ ದಿನವೂ ಕುಹಕವಾಡತೊಡಗಿದ. 1979ರ ಜುಲೈ 12ರಂದು ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ಕೇಳುಗರು ತಂದ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಸುಮಾರು 50 ಸಾವಿರ ಜನ ಸೇರಿದ್ದರು. ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿ ದಾಂಧಲೆಯಾಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಡಿಸ್ಕೋ ಎಂಬುದು ಕರಿಯರ, ಲ್ಯಾಟಿನೋ ಜನರ, ಸಲಿಂಗಕಾಮಿಗಳ ಕ್ಲಬ್ಬುಗಳಲ್ಲಿ ಬೆಳೆದ ಸಂಗೀತ. ಅಂದು ಆ ಮೈದಾನದಲ್ಲಿ ಕೆಲಸಕ್ಕಿದ್ದ ಕರಿಯ ಹುಡುಗ ವಿನ್ಸ್ ಲಾರೆನ್ಸ್, ಜನ ತಂದ ರೆಕಾರ್ಡುಗಳಲ್ಲಿ ಡಿಸ್ಕೋ ಅಲ್ಲದ, ಬರೀ ಕರಿಯ ಗಾಯಕರದ್ದಾದ ರೆಕಾರ್ಡುಗಳೂ ಇದ್ದುದನ್ನು ಕಂಡುದಾಗಿ ಮುಂದೆ ಹೇಳಿದ್ದಾರೆ. ಅದೇ ಊರಿನ ಕರಿಯ ಯುವಕರ ಕ್ಲಬ್ಬುಗಳಲ್ಲಿ ಮುಂದೆ ‘ಹೌಸ್’ ಸಂಗೀತ ಹುಟ್ಟಿ ಲೋಕವನ್ನೆಲ್ಲ ಸುತ್ತಿತು. ಲಾರೆನ್ಸ್ ಅದರ ಮೊದಲಿಗರಲ್ಲಿ ಒಬ್ಬರಾದರು. ಡಾಲ್ ತಮ್ಮದು ಜನಾಂಗದ್ವೇಷವಾಗಿರಲಿಲ್ಲ ಎಂದು ಸಮರ್ಥಿಸಿಕೊಂಡಿದ್ದಾರೆ. ಒಬ್ಬರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ, ಕಾರಣ ಹೇಳದ ನಿರಾಕರಣೆಗೆ ಮೈಕು ಸಿಕ್ಕಿದಾಗ ಗುಂಪು ಅದರೊಳಗೆ ತನ್ನ ಪೂರ್ವಗ್ರಹಗಳನ್ನೆಲ್ಲ ತುಂಬಿಕೊಳ್ಳುತ್ತದೆ ಎಂಬುದು ಇಲ್ಲಿ ಮುಖ್ಯ.

ಇಷ್ಟಾದ ಮೇಲೆ ಅತಿ ಕಷ್ಟದ ಪ್ರಶ್ನೆಗೆ ಬರಬೇಕು. 2000ದ ನವೆಂಬರಿನಲ್ಲಿ ಶಿಕಾಗೋದ ದೊಡ್ಡ ಗಾಯಕ ಆರ್. ಕೆಲ್ಲಿಯ ಹೊಸ ಆಲ್ಬಂ ಬಗ್ಗೆ ಡೆರೊಗಾಟಿಸ್ ಬರೆದ ವಿಮರ್ಶೆ ಪ್ರಕಟವಾಯಿತು. ಕೆಲ ದಿನಗಳಲ್ಲಿ ಅವರಿಗೆ ಹೆಸರಿಲ್ಲದ ಒಂದು ಫ್ಯಾಕ್ಸ್ ಬಂತು. ಈ ಗಾಯಕನ ಸಮಸ್ಯೆ ಎಳೆಯ ಹುಡುಗಿಯರು ಎಂಬುದು ಅದರ ಸಾರ. ಮೊದಲು ಬದಿಗಿಟ್ಟ ಆ ಹಾಳೆಯನ್ನು ಅವರು ಮತ್ತೆ ತೆಗೆದು ಓದಿದರು. ಅಬ್ಡನ್ ಪಲಾಶ್ ಎಂಬ ಸಹೋದ್ಯೋಗಿ ವರದಿಗಾರನ ಜೊತೆ ನ್ಯಾಯಾಲಯದ ಕಡತಗಳನ್ನು ಹುಡುಕಿದರು. ಆ ಡಿಸೆಂಬರಿನಲ್ಲೇ, ಕೆಲ್ಲಿ ತನ್ನ ಹೆಸರು, ಸ್ಥಾನಗಳನ್ನು ಬಳಸಿ ಹದಿಹರೆಯದ ಹುಡುಗಿಯರನ್ನು ದುರುಪಯೋಗಪಡಿಸಿಕೊಂಡ ಆರೋಪಗಳ ವರದಿ ‘ಸನ್-ಟೈಮ್ಸ್’ನಲ್ಲಿ ಬಂತು. 1994ರಲ್ಲಿ 27 ವರ್ಷದ ಕೆಲ್ಲಿ, 15 ವರ್ಷದ ಗಾಯಕಿ ಆಲಿಯಾಳನ್ನು ಸುಳ್ಳು ವಯಸ್ಸು ತೋರಿಸಿ ಮದುವೆಯಾದದ್ದು ಸಂಗೀತ ಲೋಕಕ್ಕೆ ಮೊದಲೇ ಗೊತ್ತಿದ್ದ ಸಂಗತಿ. 2002ರಲ್ಲಿ ಹೆಸರಿಲ್ಲದವರು ಕಳಿಸಿದ ವಿಡಿಯೋ ಟೇಪೊಂದು ಡೆರೊಗಾಟಿಸ್ ಕೈಸೇರಿತು. ಪತ್ರಿಕೆ ಅದನ್ನು ಪೊಲೀಸರಿಗೆ ಒಪ್ಪಿಸಿತು. ಮೊಕದ್ದಮೆ ಆರು ವರ್ಷ ಎಳೆದು, 2008ರಲ್ಲಿ ಕೆಲ್ಲಿಯ ಖುಲಾಸೆಯಾಯಿತು.

ಈ ಆರು ವರ್ಷಗಳಲ್ಲಿ ರೇಡಿಯೋ ಏನು ಮಾಡಿತು? ಹಾಡು ಹಾಕುತ್ತಲೇ ಇತ್ತು. 2003ರಲ್ಲಿ ಆತನ ‘ಇಗ್ನಿಷನ್’ ಹಾಡಿನ ಹೊಸ ರೂಪ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. 2010ರಲ್ಲಿ ಜೊಹಾನ್ಸ್‌ಬರ್ಗಿನ ವಿಶ್ವಕಪ್ ಫುಟ್‌ಬಾಲ್ ಉದ್ಘಾಟನೆಯಲ್ಲಿ ಆತ ಹಾಡಿದ. ವಾಣಿಜ್ಯ ರೇಡಿಯೋದಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು ಎನ್ನೋಣ. ಆದರೆ ಇಂಡಿ ಲೋಕ? ಅಂದು ಶಿಕಾಗೋದಲ್ಲೇ ನೆಲೆಯಿದ್ದ ‘ಪಿಚ್‌ಫೋರ್ಕ್’ ಎಂಬ ಸಂಗೀತ ವಿಮರ್ಶೆಯ ಪತ್ರಿಕೆ ಇಂಡಿ ರಾಕ್‌ನ ಅತಿ ದೊಡ್ಡ ಶಿಫಾರಸುದಾರನಾಗಿ ಬೆಳೆದಿತ್ತು. ಹತ್ತಕ್ಕೆ ಇಷ್ಟು ಎಂದು ದಶಾಂಶದ ಲೆಕ್ಕದಲ್ಲಿ ಅಂಕ ಕೊಡುವುದು ಅದರ ಪದ್ಧತಿ. ವಿಲ್ಕೋದ ಆ ತಿರಸ್ಕೃತ ಆಲ್ಬಂಗೆ ಅದು ಪೂರ್ತಿ 10 ಅಂಕ ಕೊಟ್ಟಿತ್ತು. ಅದೇ ಪಿಚ್‌ಫೋರ್ಕ್ 2013ರ ತನ್ನ ಶಿಕಾಗೋ ಸಂಗೀತೋತ್ಸವಕ್ಕೆ ಪ್ರಧಾನ ಗಾಯಕನಾಗಿ ಕರೆದದ್ದು ಆರ್. ಕೆಲ್ಲಿಯನ್ನು. ಹಾಡಿನ ಸೂಕ್ಷ್ಮಗಳನ್ನು ದಶಾಂಶದಲ್ಲಿ ಅಳೆಯಬಲ್ಲವರಿಗೆ ತಮ್ಮದೇ ಊರಿನ ಪತ್ರಿಕೆ 13 ವರ್ಷಗಳಿಂದ ಬರೆಯುತ್ತಿದ್ದುದು ಓದಲಾಗಿರಲಿಲ್ಲ.

ಆ ವರ್ಷದ ಕೊನೆಯಲ್ಲಿ ಶಿಕಾಗೋದ ಇನ್ನೊಬ್ಬ ವಿಮರ್ಶಕಿ ಜೆಸ್ಸಿಕಾ ಹಾಪರ್, ‘ವಿಲೇಜ್ ವಾಯ್ಸ್’ ಪತ್ರಿಕೆಗಾಗಿ ಡೆರೊಗಾಟಿಸ್ ಅವರನ್ನು ಮಾತಾಡಿಸಿ ಹಳೆಯ ವರದಿಗಳನ್ನೆಲ್ಲ ಮತ್ತೆ ಓದುಗರ ಮುಂದಿಟ್ಟರು. ಆ ಸಂದರ್ಶನವನ್ನು ಅಮೆರಿಕದಾದ್ಯಂತ ಜನ ಓದಿದರು. ನಮ್ಮ ಸಮಾಜದಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆಯಿರುವುದು ಎಳೆಯ ಕರಿಯ ಹುಡುಗಿಯರಿಗೆ ಎಂಬ ಅರ್ಥದ ಮಾತನ್ನು ಡೆರೊಗಾಟಿಸ್ ಅಲ್ಲಿ ಹೇಳಿದರು. 2017ರಲ್ಲಿ ಅವರ ಇನ್ನೊಂದು ವರದಿ ಬಂತು. ಅದೇ ವರ್ಷ ಅಟ್ಲಾಂಟಾದ ಒರೊನಿಕೆ ಒಡೆಲೆಯೆ ಮತ್ತು ಕೆನ್ಯೆಟ್ ಬಾರ್ನ್ಸ್ ಎಂಬ ಇಬ್ಬರು ಕರಿಯ ಮಹಿಳೆಯರು ಕೆಲ್ಲಿಯ ಹಾಡುಗಳನ್ನು ರೇಡಿಯೋ ನಿಲ್ಲಿಸಬೇಕೆಂದು ಚಳವಳಿ ಹೂಡಿದರು. 2019ರ ಜನವರಿಯಲ್ಲಿ ಡ್ರೀಮ್ ಹ್ಯಾಂಪ್ಟನ್ ಅವರ ಸಾಕ್ಷ್ಯಚಿತ್ರದಲ್ಲಿ ಬದುಕುಳಿದ ಹೆಣ್ಣುಮಕ್ಕಳು ಕ್ಯಾಮರಾ ಮುಂದೆ ಮಾತಾಡಿದರು. 2021ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಕೆಲ್ಲಿಯನ್ನು ಅಪರಾಧಿ ಎಂದಿತು. 2022ರಲ್ಲಿ 30 ವರ್ಷಗಳ ಶಿಕ್ಷೆಯಾಯಿತು, 2023ರಲ್ಲಿ ಶಿಕಾಗೋ ಪ್ರಕರಣದಲ್ಲಿ 20 ವರ್ಷಗಳ ಶಿಕ್ಷೆ. ಮೊದಲ ವರದಿಯಿಂದ ಮೊದಲ ಶಿಕ್ಷೆಯವರೆಗೆ 21 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹಾಡು ಬೇರೆ, ಹಾಡಿದವನು ಬೇರೆ ಎಂಬ ಹಳೆಯ ವಾದವನ್ನು ಇಲ್ಲಿ ಯಾರಾದರೂ ಎತ್ತಬಹುದು. ಓದುವಾಗ, ಕೇಳುವಾಗ ಆ ವಾದಕ್ಕೆ ಒಂದು ಮಟ್ಟದ ನ್ಯಾಯವಿದೆ. ಆದರೆ ರೇಡಿಯೋದ ಶಿಫಾರಸು ಬರಿಯ ಕೇಳುವಿಕೆಯಲ್ಲ. ಪ್ರತಿ ಪ್ರಸಾರವೂ ಹಾಡುಗಾರನಿಗೆ ಹಣ ತರುತ್ತದೆ, ಹೆಸರು ತರುತ್ತದೆ. ಆ ಹೆಸರನ್ನೇ ತೋರಿಸಿ ಹುಡುಗಿಯರನ್ನು ಬಲೆಗೆ ಹಾಕಿಕೊಳ್ಳುತ್ತಿದ್ದ ಎಂಬುದು ನ್ಯಾಯಾಲಯದಲ್ಲಿ ಸಾಬೀತಾಗಿರುವಾಗ, ಹೆಸರನ್ನು ಕಟ್ಟಿಕೊಟ್ಟವರು ತಮಗೆ ಸಂಬಂಧವಿಲ್ಲ ಎನ್ನುವಂತಿಲ್ಲ. ಒಬ್ಬ ಸಂಗೀತ ವಿಮರ್ಶಕ ಹಾಡಿನ ಗುಣ ಹೇಳುವುದರ ಆಚೆಗೂ ಹೋಗಿ, ನ್ಯಾಯಾಲಯದ ಕಡತಗಳನ್ನು ಓದಿ, ಹುಡುಗಿಯರ ಮನೆಬಾಗಿಲಿಗೆ ನಡೆದದ್ದು ಈ ಕಾರಣಕ್ಕೆ ಮಹತ್ವದ್ದು. ಜೊತೆಗೆ, ವಿಮರ್ಶಕನೊಬ್ಬನಿಂದಲೇ ನ್ಯಾಯ ಸಿಗಲಿಲ್ಲ ಎಂಬುದನ್ನೂ ನೆನಪಿಡಬೇಕು. ಆತ ಬರೆದದ್ದಕ್ಕೆ ಬಲ ಬಂದದ್ದು ಕರಿಯ ಮಹಿಳೆಯರೇ ರೇಡಿಯೋ ಕೇಂದ್ರಗಳ ಎದುರು ನಿಂತು ಬೇಡ ಎಂದಾಗ.

ಇಬ್ಬರು ವಿಮರ್ಶಕರ ಕಾರ್ಯಕ್ರಮವನ್ನು ಮೆಚ್ಚುತ್ತಲೇ ಅದರ ಮಿತಿಯನ್ನೂ ಹೇಳಬೇಕು. ಕೊಳ್ಳಿ, ಎಸೆಯಿರಿ ಎಂಬ ತೀರ್ಪಿನ ಭಾಷೆ ಅಂಗಡಿಯದು. ಅದು ಕೇಳುಗನನ್ನು ಗಿರಾಕಿಯಾಗಿ ನೋಡುತ್ತದೆ. ಅರ್ಧ ಗಂಟೆಯ ಒಳ್ಳೆಯ ವಾದವನ್ನು ಒಂದು ಪದದ ತೀರ್ಪು ನುಂಗಿಬಿಡುವ ಅಪಾಯವಿದೆ. ಜೊತೆಗೆ ಇಬ್ಬರು ಬಿಳಿಯ ಗಂಡಸರ ನಡುವಿನ ಭಿನ್ನಾಭಿಪ್ರಾಯ ಎಷ್ಟು ಚುರುಕಾಗಿದ್ದರೂ, ಬ್ಲೂಸ್, ಗಾಸ್ಪೆಲ್, ಹೌಸ್‌ಗಳನ್ನು ಬೆಳೆಸಿದ ಊರಿನ ಎಲ್ಲ ಕಿವಿಗಳನ್ನು ಅದು ಪ್ರತಿನಿಧಿಸಲಾರದು. ವಾದಿಸುವ ಪದ್ಧತಿ ಒಳ್ಳೆಯದು. ವಾದದ ಮೇಜಿನ ಸುತ್ತ ಇನ್ನೂ ಕೆಲವು ಕುರ್ಚಿಗಳು ಬೇಕು.

ದುರಂತವೆಂದರೆ, ಕುರ್ಚಿಗಳು ಹೆಚ್ಚುವ ಬದಲು ಕಡಿಮೆಯಾಗುತ್ತಿವೆ. ಡೆರೊಗಾಟಿಸ್ 2010ರಲ್ಲಿ ‘ಸನ್-ಟೈಮ್ಸ್’ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ಕಾಟ್ 2020ರಲ್ಲಿ ‘ಟ್ರಿಬ್ಯೂನ್’ ಬಿಟ್ಟರು. ಅದೇ ವರ್ಷ ಕಾರ್ಯಕ್ರಮ ಡಬ್ಲ್ಯೂಬಿಇಝಡ್‌ನಿಂದ ಹೊರಬಂದು, ಕೇಳುಗರ ನೆರವಿನಿಂದ ಸ್ವತಂತ್ರವಾಗಿ ಮುಂದುವರಿಯಿತು. ನಷ್ಟದಲ್ಲಿದ್ದ ‘ಸನ್-ಟೈಮ್ಸ್’ ಪತ್ರಿಕೆಯನ್ನು 2022ರಲ್ಲಿ ಅದೇ ಸಾರ್ವಜನಿಕ ರೇಡಿಯೋ ಸಂಸ್ಥೆ ತನ್ನ ತೆಕ್ಕೆಗೆ ತೆಗೆದುಕೊಂಡಿತು. 2024ರಲ್ಲಿ ಪಿಚ್‌ಫೋರ್ಕ್ ಅನ್ನು ಅದರ ಒಡೆಯರಾದ ಕಾಂಡೆ ನಾಸ್ಟ್ ಕಂಪೆನಿ ಗಂಡಸರ ಫ್ಯಾಷನ್ ಪತ್ರಿಕೆಯೊಂದರೊಳಗೆ ಸೇರಿಸಿತು, ಹಲವರ ಕೆಲಸ ಹೋಯಿತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮಂಜೂರು ಮಾಡಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂತೆಗೆದುಕೊಂಡಿತು.

ಅವರ ಜಾಗಕ್ಕೆ ಬಂದಿರುವುದು ಯಂತ್ರದ ಶಿಫಾರಸು. ಸ್ಪಾಟಿಫೈ ಕಂಪೆನಿ 2015ರಿಂದ ಪ್ರತಿ ಸೋಮವಾರ ಪ್ರತಿ ಕೇಳುಗನಿಗೂ ಅವನದೇ ಆದ ಹಾಡುಗಳ ಪಟ್ಟಿಯನ್ನು ಕಳಿಸುತ್ತದೆ. ನೀವು ಹಿಂದೆ ಕೇಳಿದ್ದನ್ನು, ನಿಮ್ಮಂಥವರು ಕೇಳಿದ್ದನ್ನು ಲೆಕ್ಕ ಹಾಕಿ ಇದನ್ನು ಕೇಳಿ ಎನ್ನುತ್ತದೆ. ಯಾಕೆ ಎಂದು ಹೇಳುವುದಿಲ್ಲ, ಪಕ್ಕದಲ್ಲಿ ಕೂತು ಒಪ್ಪದವರೂ ಇಲ್ಲ. 2020ರಲ್ಲಿ ಅದೇ ಕಂಪೆನಿ ಇನ್ನೊಂದು ಏರ್ಪಾಡನ್ನು ಆರಂಭಿಸಿತು. ಹಾಡುಗಾರರು ಕಡಿಮೆ ರಾಯಧನಕ್ಕೆ ಒಪ್ಪಿದರೆ ಯಂತ್ರ ಅವರ ಹಾಡನ್ನು ಹೆಚ್ಚು ಮುಂದೆ ತರುತ್ತದೆ. ಹಾಡು ಹಾಕಿಸಲು ದುಡ್ಡು ಕೊಡುವ ಬದಲು ಬರಬೇಕಾದ ದುಡ್ಡನ್ನು ಬಿಟ್ಟುಕೊಡುವುದು. ಅಲನ್ ಫ್ರೀಡ್ ಕಾಲದ ವ್ಯವಹಾರಕ್ಕೂ ಇದಕ್ಕೂ ಎಷ್ಟು ದೂರ ಎಂದು ಓದುಗರೇ ನಿರ್ಧರಿಸಬಹುದು.

ಈ ಯಂತ್ರ ಶಿಕಾಗೋಗೆ ಮಾತ್ರ ಸೀಮಿತವಲ್ಲ. ಸ್ಪಾಟಿಫೈ 2019ರಲ್ಲಿ ಭಾರತಕ್ಕೂ ಬಂತು. ಕಲಬುರಗಿಯ ಹುಡುಗಿಯ ಫೋನಿಗೂ ಶಿಕಾಗೋದ ಹುಡುಗನ ಫೋನಿಗೂ ಹಾಡು ಆರಿಸಿ ಕೊಡುವ ಲೆಕ್ಕಾಚಾರ ಒಂದೇ ಕಂಪೆನಿಯದು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ಸ್ವತಂತ್ರ ತಂಡಗಳೂ ಅದೇ ಊರಿನವು. ಆದರೆ ಹೊಸ ಹಾಡನ್ನು ಮುಂದಿಟ್ಟುಕೊಂಡು ಇಬ್ಬರು ತಿಳಿದವರು ಕನ್ನಡದಲ್ಲಿ ವಾದಿಸುವ, ಒಬ್ಬರಾದರೂ ಇದು ಬೇಡ ಎಂದು ಕಾರಣ ಕೊಟ್ಟು ಹೇಳುವ ಪರಿಪಾಠ ನಮ್ಮ ಖಾಸಗಿ ಎಫ್‌ಎಂನಲ್ಲಿ ಬೆಳೆಯಲಿಲ್ಲ. ಕವಿತೆಗೆ, ನಾಟಕಕ್ಕೆ, ಸಿನಿಮಾಕ್ಕೆ ಖಾರವಾದ ವಿಮರ್ಶೆಯನ್ನು ಕಂಡಿರುವ ಭಾಷೆಗೆ ಅದು ಅಸಾಧ್ಯವೇನಲ್ಲ. ದಿನವಿಡೀ ಕಿವಿಗೆ ಬೀಳುವ ಹಾಡನ್ನು ಮಾತ್ರ ನಾವು ವಿಮರ್ಶೆಯ ಹೊರಗಿಟ್ಟಿದ್ದೇವೆ. ಮುಂದಿನ ಸಲ ಹೊಸ ಹಾಡೊಂದು ದಿನಕ್ಕೆ ಆರು ಸಲ ಬಂದಾಗ, ಇದನ್ನು ಆರಿಸಿದವರು ಯಾರು, ಬೇಡ ಎನ್ನುವ ಅವಕಾಶ ಅವರಿಗಿತ್ತೇ ಎಂದು ಕೇಳಿಕೊಳ್ಳುವುದರಿಂದ ನಾವೂ ಶುರು ಮಾಡಬಹುದು.